ಮಸಿ ತುಂಬಿದ ಸ್ವರಗಳು

ಬ್ಯಾಂಡ್ ಮೇಷ್ಟ್ರು ಮಾಲತೇಶಪ್ಪ ಸಿಟ್ಟಿನಿಂದ ಸೈಕಲ್ ತುಳಿದುಕೊಂಡು ನಿಟ್ಟುವಳ್ಳಿಗೆ ಬಂದ ದಿನ, ಗಿರಿಯಮ್ಮ ಅಂಗಳದಲ್ಲಿ ಕೂತು ಸೋಡಾ ಅಂಗಡಿಯ ಬೋರ್ಡಿಗೆ ಕೆಂಪು ಅಕ್ಷರ ಬರೆಯುತ್ತಿದ್ದಳು.

"ಬೋರ್ಡ್ ಬರೆಯೋ ಅಜ್ಜಪ್ಪನೋರು ಇದಾರೇನ್ರಿ?"

"ಅಪ್ಪ ಪ್ಯಾಟಿಗೆ ಹೋಗ್ಯಾನೆ. ಏನಾಗಬೇಕಿತ್ತು?"

ಅವನು ಕಂಕುಳಲ್ಲಿದ್ದ ಕಾಗದದ ಸುರುಳಿ ಬಿಚ್ಚಿದ. "ಇದನ್ನ ಬರೆದ ಕೈ ಯಾವುದು ಅಂತ ನೋಡಬೇಕಿತ್ತು."

ಗಿರಿಯಮ್ಮ ಕುಂಚ ಕೆಳಗಿಟ್ಟು, ಬಣ್ಣ ಮೆತ್ತಿದ ಎರಡೂ ಕೈಗಳನ್ನು ಮುಂದೆ ಚಾಚಿದಳು. "ಇವೇ. ನೋಡ್ರಿ."

ದಾರಿಯುದ್ದಕ್ಕೂ ಹಲ್ಲು ಕಚ್ಚಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬಿಟ್ಟು, ಮಾಲತೇಶಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿದ.

ಪಲ್ಟನ್ನಿನ ಬ್ಯಾಂಡಿನಲ್ಲಿ ಏಳು ವರ್ಷ ಕಾರ್ನೆಟ್ ಎಂಬ ಹಿತ್ತಾಳೆಯ ತುತ್ತೂರಿ ಊದಿ ಊರಿಗೆ ಮರಳಿದವನು ಅವನು. ದಾವಣಗೆರೆಯ ಒಂದು ಹತ್ತಿ ಗಿರಣಿಯವರು ತಮ್ಮ ಕೆಲಸಗಾರರದೇ ಒಂದು ಬ್ಯಾಂಡ್ ಕಟ್ಟಲು ಅವನನ್ನು ಕರೆದುಕೊಂಡಿದ್ದರು. ಎಂಟು ಜನಕ್ಕೆ ಐದು ಗೆರೆಯ ಮೇಲೆ ಬರೆದ ಸಂಗೀತ ಓದುವುದನ್ನು ಕಲಿಸಲು ಒಂದು ವರ್ಷವೇ ಹಿಡಿದಿತ್ತು. ಗಿರಣಿಯ ವಾರ್ಷಿಕೋತ್ಸವಕ್ಕೆಂದು ಹೆಜ್ಜೆ ಹಾಕಲು ಊದುವ ಹೊಸ ಮಾರ್ಚ್ ಒಂದನ್ನು ತರಿಸಿದ್ದ. ನಕಲು ಮಾಡಿಕೊಡಲು ಅಜ್ಜಪ್ಪ ಒಪ್ಪಿಕೊಂಡು, ತನ್ನ ಕೈಗಿಂತ ಮಗಳ ಕೈ ಚೊಕ್ಕ ಎಂದು ಕೆಲಸವನ್ನು ಅವಳಿಗೆ ಒಪ್ಪಿಸಿದ್ದ. ನಕಲುಗಳು ಕೈಗೆ ಬಂದದ್ದು ಸಮಾರಂಭದ ದಿನ ಬೆಳಿಗ್ಗೆ. ಗೇಟಿನಿಂದ ವೇದಿಕೆಯವರೆಗೂ ಅತಿಥಿಗಳ ಜೊತೆ ಸಾಗಬೇಕಿದ್ದ ಮಾರ್ಚ್, ಅವರು ಅರ್ಧ ದಾರಿಯಲ್ಲಿರುವಾಗಲೇ ಓಡೋಡಿ ಮುಗಿದುಹೋಗಿತ್ತು. ಉಳಿದ ದಾರಿಯನ್ನು ಅವರು ತಮ್ಮ ಚಪ್ಪಲಿಯ ಸದ್ದಿನಲ್ಲೇ ನಡೆದಿದ್ದರು.

"ಮೂಲದಾಗೆ ಕೋಲಿನ ತುದೀಗೆ ಇರೋ ಮೊಟ್ಟೆ ಬಹಳ ಖಾಲಿ ಇದ್ವು," ಅಂದಳು ಗಿರಿಯಮ್ಮ. "ಬರೆದೋರು ಅವಸರಕ್ಕೆ ಹಂಗೇ ಬಿಟ್ಟಾರೆ ಅಂತ ನಾನೇ ಮಸಿ ತುಂಬಿದೆ. ಒಂದು ಹನಿ ಆಚೆ ಈಚೆ ಹೋಗಿಲ್ಲ, ಬೇಕಾದ್ರೆ ನೋಡ್ರಿ."

ಅವನು ನೋಡಿದ. ನಿಜವಾಗಿಯೂ ಹೋಗಿರಲಿಲ್ಲ. ಇಷ್ಟು ಅಂದವಾಗಿ ಹಾಳಾದ ಸಂಗೀತವನ್ನು ಅವನು ಎಲ್ಲೂ ಕಂಡಿರಲಿಲ್ಲ. ಮೊದಲು ಮೀಸೆ ಅಲುಗಿತು, ಆಮೇಲೆ ಭುಜ, ಆಮೇಲೆ ಅಂಗಳದ ಕೋಳಿಗಳೆಲ್ಲ ಓಡಿಹೋಗುವಂತೆ ನಕ್ಕುಬಿಟ್ಟ.

"ನಗೋ ಹಂಗಿದ್ರೆ ಹೇಳಿ ನಗ್ರಿ. ನನಗೂ ಗೊತ್ತಾಗಲಿ."

"ಖಾಲಿ ಬಿಟ್ಟಿದ್ದು ಬೇಕು ಅಂತಲೇ ರೀ. ಇದು ಕರೇದು, ಒಂದು ಎಣಿಕೆ." ಅವನು ಬಲಗಾಲಿನಿಂದ ನೆಲ ತಟ್ಟಿದ. "ಅದೇ ಮೊಟ್ಟೆ ಖಾಲಿ ಇತ್ತಂದ್ರೆ ಎರಡು ಎಣಿಕೆ, ಎಳೀಬೇಕು. ಕೋಲೂ ಇಲ್ದೆ ಬರೀ ಖಾಲಿ ಮೊಟ್ಟೆ ಇದ್ರೆ ನಾಲ್ಕು."

"ಬಾಲ ಇರೋದು?"

"ಅರ್ಧ. ಒಂದು ತಟ್ಟಿಗೆ ಎರಡು."

ಗಿರಿಯಮ್ಮ ಹಾಳೆಯ ಸಾಲಿನ ಮೇಲೆ ಬೆರಳಾಡಿಸಿದಳು. "ಅಂದ್ರೆ ಮಸಿ ಕಡಿಮೆ ಆದಷ್ಟೂ ಹೊತ್ತು ಜಾಸ್ತಿ. ತಲೆಕೆಳಗು ಲೆಕ್ಕ ನಿಮ್ಮದು."

ಏಳು ವರ್ಷದಲ್ಲಿ ಅವನಿಗೆ ಹಾಗೆ ಹೊಳೆದೇ ಇರಲಿಲ್ಲ.

ಎಂಟೂ ನಕಲುಗಳನ್ನು ಅವಳು ಹೊಸದಾಗಿ ಬರೆದುಕೊಟ್ಟಳು. ಮುಂದಿನ ಭಾನುವಾರ ಅವನು ಇನ್ನೊಂದು ಹಾಡು ತಂದ. ಅದರ ಮುಂದಿನ ಭಾನುವಾರ ಮತ್ತೊಂದು. ಅಜ್ಜಪ್ಪ ಜಗುಲಿಯ ಮೇಲೆ ಬೀಡಿ ಸೇದುತ್ತ ಕೂತಿರುತ್ತಿದ್ದ. ಇವರು ಅಂಗಳದಲ್ಲಿ ಒಂದು ಹಲಗೆಯ ಆಚೆ ಈಚೆ. ಎರಡು ನಿಂತ ಗೆರೆಗಳ ನಡುವೆ ಒಂದು ಮನೆ, ಪ್ರತಿ ಮನೆಗೂ ನಾಲ್ಕೇ ಎಣಿಕೆ ಎಂದು ಅವನು ಹೇಳಿಕೊಟ್ಟ. ಆಮೇಲೆ ಒಂದು ಮನೆಗೆ ಐದು ಎಣಿಕೆ ಬಿದ್ದದ್ದನ್ನು ಅವಳೇ ಹಿಡಿದು ತೋರಿಸಿದಳು.

"ಇದು ಅಚ್ಚಾದ ಕಾಗದ ರೀ, ತಪ್ಪಿರಲ್ಲ," ಅಂದ ಅವನು.

"ಎಣಿಸ್ರಿ ಮತ್ತೆ."

ಎಣಿಸಿದ. ತಪ್ಪಿತ್ತು. ತಲೆ ಎತ್ತಿದಾಗ ಅವಳು ಕುಂಚದ ತುದಿಯನ್ನು ತುಟಿಗಿಟ್ಟುಕೊಂಡು ಬೇರೆಲ್ಲೋ ನೋಡುತ್ತಿದ್ದಳು. ಕೆನ್ನೆಯಲ್ಲಿ ನಗು ಮಾತ್ರ ಹಾಗೇ ಸಿಕ್ಕಿಬಿದ್ದಿತ್ತು.

ಅವಳಿಗೂ ಅವನ ಒಂದು ಗುಟ್ಟು ಗೊತ್ತಾಗಿತ್ತು. ಅವನ ಬಲಗಾಲು ಸದಾ ಎಣಿಸುತ್ತಿರುತ್ತಿತ್ತು, ಸಮಸಮವಾಗಿ. ಅವಳು ಎದ್ದು ನೀರು ತಂದುಕೊಟ್ಟಾಗ, ಬಳೆ ಸರಿಸಿಕೊಂಡಾಗ ಆ ಕಾಲು ತಪ್ಪುತ್ತಿತ್ತು. ಹಾಗಾಗಿ ಅವಳು ಆಗಾಗ ಬೇಕೆಂದೇ ಬಳೆ ಸರಿಸಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಅವನು ಬರಲಿಲ್ಲ. ದೊಡ್ಡ ಡ್ರಮ್ ಬಾರಿಸುವ ಖಾಜಾ ಹುಸೇನ್ ಕಾಗದ ತಂದ.

"ಮೇಷ್ಟ್ರು ಹರಿಹರದಾಗೆ ಇದಾರಕ್ಕಾ. ಅಲ್ಲಿ ಕಾರ್ಖಾನೆಯೋರ ಫಂಕ್ಷನ್ನು, ಅಲ್ಲೇ ಪ್ರಾಕ್ಟೀಸು. ಇವನ್ನ ನಕಲು ಮಾಡಿಡಬೇಕಂತೆ."

"ಏನಾದ್ರೂ ಹೇಳಿ ಕಳಿಸ್ಯಾರಾ?"

"ಇಲ್ಲ." ಖಾಜಾ ತಲೆ ಕೆರೆದುಕೊಂಡ. "ನಿಜ ಹೇಳಲಾ ಅಕ್ಕಾ? ನಮ್ಮ ಹತ್ರ ಊದೋ ಜನಕ್ಕಿಂತ ನಕಲೇ ಜಾಸ್ತಿ ಅದಾವೆ."

ಅದರ ಮುಂದಿನ ಭಾನುವಾರವೂ ಅವನು ಬರಲಿಲ್ಲ. ಹರಿಹರದ ಸೋದರತ್ತೆ ದುರುಗವ್ವನಿಂದ ಮಾತ್ರ ಸುದ್ದಿ ಬಂತು. ರಾಣೆಬೆನ್ನೂರಿನ ಹುಡುಗ, ಸ್ವಂತ ಕಿರಾಣಿ ಅಂಗಡಿ, ಸೋಮವಾರ ಹೆಣ್ಣು ನೋಡಲು ಬರುತ್ತಾರೆ. ಈ ಮಾತು ಶುರುವಾದಾಗಲೇ ತಂದೆ ಅದನ್ನು ಮಾಲತೇಶಪ್ಪನ ಕಿವಿಗೂ ಹಾಕಿದ್ದ ಎಂಬುದು ಅವಳಿಗೆ ಆಗ ತಿಳಿಯಿತು. ಆ ದಿನದಿಂದಲೇ ಅವನ ಸೈಕಲ್ ನಿಟ್ಟುವಳ್ಳಿಯ ದಾರಿ ಬಿಟ್ಟಿತ್ತು.

ಶನಿವಾರ ಅಜ್ಜಪ್ಪನಿಗೆ ಹರಿಹರದ ಅಕ್ಕಿ ಗಿರಣಿಯೊಂದರ ಗೋಡೆಗೆ ಹೆಸರು ಬರೆಯುವ ಕೆಲಸವಿತ್ತು. "ನಾನೂ ಬರ್ತೀನಿ" ಎಂದು ಗಿರಿಯಮ್ಮ ಬಣ್ಣದ ಡಬ್ಬಗಳ ಜೊತೆ ರೈಲು ಹತ್ತಿದಳು. ತಂದೆ ಏಣಿ ಹತ್ತಿದ ಮೇಲೆ ನಕಲುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಕಾರ್ನೆಟ್ಟಿನ ದನಿ ಬರುತ್ತಿದ್ದ ಕಡೆ ನಡೆದಳು. ಹೊಳೆಯ ದಂಡೆಯ ತಗಡಿನ ಶೆಡ್ಡಿನಲ್ಲಿ ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದರು. ಅವಳನ್ನು ಕಂಡ ಕೂಡಲೇ ಖಾಜಾ ಹುಸೇನ್, "ಚಾ ಕುಡಿದು ಬರಾಣ ಬರ್ರಪ್ಪಾ" ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೋದ.

"ಒಂದು ಗುರುತು ತಿಳೀಲಿಲ್ಲ," ಅಂದಳು ಗಿರಿಯಮ್ಮ. "ತಿಳೀದೆ ಏನೂ ತುಂಬಬಾರದು ಅಂತ ಕೇಳಾಕೆ ಬಂದೆ. ಇಲ್ಲಿ ಗೆರೆಗೆ ಜೋತುಬಿದ್ದೈತಲ್ಲ, ಇಟ್ಟಿಗೆಯಂಥದು. ಇದೇನು?"

ಮಾಲತೇಶಪ್ಪ ಹಾಳೆ ನೋಡಿದ, ಅವಳನ್ನು ನೋಡಲಿಲ್ಲ. "ಅದು ಸುಮ್ಮನಿರೋದು. ಆ ಮನೆ ಪೂರಾ ಊದಬಾರದು. ನಾಲ್ಕು ಎಣಿಕೆ."

"ಸುಮ್ಮನಿರೋದಕ್ಕೂ ನಿಮ್ಮಲ್ಲಿ ಅಳತೆ ಐತಿ ಅನ್ನಿ."

"ಐತೆ. ಇಲ್ಲಾಂದ್ರೆ ಮತ್ತೆ ಯಾವಾಗ ಶುರು ಮಾಡೋದು ಅಂತ ಹೆಂಗೆ ಗೊತ್ತಾಗಬೇಕು?"

"ಹೌದಾ? ಹಂಗಾದ್ರೆ ಇಪ್ಪತ್ತು ದಿನದಿಂದ ಸುಮ್ಮನಿದ್ದೀರಲ್ಲ ಮೇಷ್ಟ್ರೇ, ಅದು ಎಷ್ಟು ಎಣಿಕೇದು?"

ಅವನ ಕಾಲು ನಿಂತುಹೋಯಿತು. ಹೊರಗೆ ಯಾರೋ ಬಂಡೆಗೆ ಬಟ್ಟೆ ಬಡಿಯುತ್ತಿದ್ದರು.

"ಆ ಹುಡುಗನಿಗೆ ಸ್ವಂತ ಅಂಗಡಿ ಐತಂತೆ," ಅಂದ ಅವನು. "ನಂದು ಊದೋ ಕಸುಬು. ನಡುವೆ ಬರಬಾರದು ಅನ್ನಿಸ್ತು."

"ನಿಮಗೆ ಅನ್ನಿಸಿದ್ದು ಆತು. ನನ್ನನ್ನ ಯಾರು ಕೇಳಿದ್ರು?" ಅವಳು ನಕಲುಗಳನ್ನು ಅವನ ಮುಂದೆ ಇಟ್ಟಳು. "ಸೋಮವಾರ ಅವರು ಬರ್ತಾರೆ. ನಾನು ಎಷ್ಟು ಅಂತ ಎಣಿಸ್ಲಿ?"

ಮಾಲತೇಶಪ್ಪ ಆಗ ಅವಳನ್ನು ನೇರವಾಗಿ ನೋಡಿದ. "ಎಣಿಸಬ್ಯಾಡ್ರಿ. ನೀವಿಲ್ದೆ ನನಗೆ ಒಂದು ಭಾನುವಾರವೂ ಕಳೆಯಲ್ಲ. ನಡೀರಿ, ನಿಮ್ಮಪ್ಪನ ಹತ್ರ ಹೋಗಾಣ."

ಕಾರ್ನೆಟ್ ಕೆಳಗಿಡುವುದನ್ನೂ ಮರೆತು, ಅದನ್ನು ಹಿಡಿದುಕೊಂಡೇ ಅವನು ಅಕ್ಕಿ ಗಿರಣಿಯವರೆಗೆ ನಡೆದ. ಅಜ್ಜಪ್ಪ ಏಣಿಯ ತುದಿಯಲ್ಲಿ ನಿಂತು ಒಂದು ಒತ್ತಕ್ಷರ ತಿದ್ದುತ್ತಿದ್ದ.

"ಅಜ್ಜಪ್ಪನೋರೆ, ನಿಮ್ಮ ಮಗಳನ್ನ ನನಗೆ ಕೊಡ್ರಿ."

ಅಜ್ಜಪ್ಪ ತಿರುಗಿ ನೋಡಲಿಲ್ಲ. "ಏಣಿ ಅಲ್ಲಾಡ್ತೈತಿ. ಮೊದ್ಲು ಅದನ್ನ ಹಿಡ್ಕ."

ಗಿರಿಯಮ್ಮ ಕಾರ್ನೆಟ್ ಇಸಿದುಕೊಂಡಳು. ಅವನು ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತ. ಅಜ್ಜಪ್ಪ ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಶ್ನೆ ಕೇಳಿದ: ಹುಟ್ಟಿದೂರು, ತಾಯಿ, ಬಾಡಿಗೆ ಮನೆಯೋ ಸ್ವಂತದ್ದೋ, ಕುಡಿತ ಉಂಟೋ. ಲೋಕಿಕೆರೆಯಲ್ಲಿ ತಾಯಿ ಇದ್ದಾಳೆ, ಮನೆ ಸ್ವಂತದ್ದು, ಕುಡಿತ ಇಲ್ಲ. ಮೊದಲ ಸಾಲು ಮುಗಿದ ಮೇಲೆ ಅಜ್ಜಪ್ಪ ಕೆಳಗಿಳಿದು ಮಗಳ ಮುಖ ನೋಡಿದ. ಅವಳು ತಲೆ ತಗ್ಗಿಸಲಿಲ್ಲ.

"ಈ ಮಾತು ಅಂಗಳದಾಗೇ ಕೇಳ್ತೀಯ ಅಂತ ಕಾದೆ ಕಣೋ," ಅಂದ ಅವನು ಮಾಲತೇಶಪ್ಪನಿಗೆ. "ಬಾಯೇ ಬಿಡ್ಲಿಲ್ಲ. ಅದಕ್ಕೇ ಆ ಸುದ್ದಿ ನಿನ್ನ ಕಿವಿಗೆ ಹಾಕಿದ್ದು. ನೀನು ನೋಡಿದ್ರೆ ಊರೇ ಬಿಟ್ಟೆ." ಕೈ ಒರೆಸಿಕೊಂಡು ಪೇಟ ಸುತ್ತಿದ. "ಗಿರೀ, ಕೆಳಗಿನ ಸಾಲು ನೀನು ಬರಿ. ನಾನು ದುರುಗವ್ವನ ಮನೀಗೆ ಹೋಗಿ ಸೋಮವಾರದೋರು ಬರೋದು ಬ್ಯಾಡ ಅಂತ ಹೇಳಿ ಬರ್ತೀನಿ."

ಅವಳು ಏಣಿಯ ನಾಲ್ಕು ಮೆಟ್ಟಿಲು ಹತ್ತಿದಳು. ಕೆಳಗೆ ಮಾಲತೇಶಪ್ಪ ಮರ್ಯಾದೆಗೆ ನೆಲವನ್ನೇ ನೋಡುತ್ತ ನಿಂತಿದ್ದ.

"ನೀಲಿ ಡಬ್ಬ ಕೊಡ್ರಿ."

ತಲೆ ಎತ್ತದೆಯೇ ಅವನು ಡಬ್ಬ ಎತ್ತಿದ. ಅದು ಓರೆಯಾಗಿ, ಬಿಳಿ ಅಂಗಿಯ ತೋಳೆಲ್ಲ ನೀಲಿಯಾಯಿತು. ಗಿರಿಯಮ್ಮ ಏಣಿ ಅಲುಗಾಡುವಷ್ಟು ನಕ್ಕಳು.

ಅದೇ ಸಂಜೆಯ ಕಾರ್ಖಾನೆಯ ಫಂಕ್ಷನ್ನಿಗೆ ಬದಲಿಸಲು ಅವನ ಹತ್ತಿರ ಬೇರೆ ಬಿಳಿ ಅಂಗಿ ಇರಲಿಲ್ಲ. ಕಾರ್ಖಾನೆಯವರೊಬ್ಬರು ಅವನ ತೋಳು ನೋಡಿ, "ಏನ್ರಿ ಮೇಷ್ಟ್ರೇ ಇದು?" ಎಂದು ಕೇಳಿದರು. ಹೆಂಗಸರ ಸಾಲಿನಲ್ಲಿ ಸೋದರತ್ತೆ ದುರುಗವ್ವನ ಪಕ್ಕ ಕೂತಿದ್ದ ಗಿರಿಯಮ್ಮನಿಗೆ ಅವನ ಉತ್ತರ ಸ್ಪಷ್ಟವಾಗಿ ಕೇಳಿಸಿತು.

"ನಮ್ಮನಿಯೋರು ಬೋರ್ಡ್ ಬರೀತಾರ್ರೀ," ಅಂದ ಮಾಲತೇಶಪ್ಪ, ಕಾರ್ನೆಟ್ ತುಟಿಗೆತ್ತುತ್ತ.