ಆಲೆಮನೆ ಹೊಗೆ ಅಲ್ಲ ಇದು

'ಈ ಕೆಮ್ಮು ಅವನಿಗೆ ಕೇಳಿಸದಿದ್ದರೆ ಸಾಕು...'

ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಅರುಂಧತಿ ಮಾಸ್ಕಿನ ಮೇಲೂ ಕೈ ಒತ್ತಿಕೊಂಡಳು. ಮಳವಳ್ಳಿ ಬಸ್ಸಿನ ಕಿಟಕಿಯಲ್ಲಿ ರವಿಚಂದ್ರ. ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಅವಳ ಜೊತೆ ಕೆಲಸ ಮಾಡುವವನು. ಎಂದಿನಂತೆ ಅವಳಿಗೊಂದು ಸೀಟು ಹಿಡಿದಿದ್ದ.

"ಬಾ, ಬಸ್ಸು ಹೊರಡ್ತದೆ!"

ಅವಳು ಹಿಂದೆ ಸರಿದಳು. ಬಸ್ಸು ಹೊರಟಿತು. ಕಿಟಕಿಯಲ್ಲಿ ಅವನ ಮುಖ ಸಣ್ಣಗಾಯಿತು.

ಹೋದ ಭಾನುವಾರ ಮುತ್ತತ್ತಿ ಹೊಳೆದಂಡೆಯಲ್ಲಿ ಅವನು ಎಲ್ಲಾ ಹೇಳಿದ್ದ. "ಹುಟ್ಟಿದಾಗಿಂದ ಎಚ್‌ಐವಿ ಅದೆ ನಂಗೆ. ಅವ್ವ ಹೋದ್ಮೇಲೆ ಮಾತ್ರೆ ಬಿಟ್ಬುಟ್ಟಿದ್ದೆ, ಈಗ ಮತ್ತೆ ಶುರು ಮಾಡಿವ್ನಿ. ನಿಂಗೆ ನಾನು ಒಪ್ಗೆನಾ?"

ಹೂಂ ಅನ್ನಲು ಅವಳು ಬಾಯಿ ತೆರೆದಳು... ಕೆಮ್ಮು ಬಂತು!

"ಆಲೆಮನೆ ಹೊಗೆ ಕಣಮ್ಮ, ಬುಡು," ಅನ್ನುತ್ತಿದ್ದಳು ಅರುಂಧತಿಯ ಅವ್ವ. ಊರಿಗೆ ಊರೇ ಕೆಮ್ಮಿಗೆ ಬೆಲ್ಲದ ಹೊಗೆಯನ್ನೇ ಬೈಯುತ್ತದೆ. ಆದರೆ ಇವತ್ತು ಆಸ್ಪತ್ರೆಯಲ್ಲಿ ನರ್ಸ್ ಯಶೋದಮ್ಮ ಹೇಳಿದ್ದು ಬೇರೆ.

"ಟಿಬಿ ಕಣಮ್ಮ. ಆರು ತಿಂಗ್ಳು ಬಿಡದಂಗೆ ಮಾತ್ರೆ ನುಂಗು, ವಾಸಿ ಆಯ್ತದೆ. ಪಕ್ಕದಲ್ಲಿ ಕೂರೋರಲ್ಲಿ ಎಚ್‌ಐವಿ ಇರೋರು ಯಾರಾರ ಅವ್ರಾ? ಮೊದ್ಲು ಅವ್ರಿಗೆ ಪರೀಕ್ಷೆ ಮಾಡ್ಸು. ಎಚ್‌ಐವಿ ಮೈಯ ಕಾವಲು ಸಡ್ಲ ಮಾಡಿರ್ತದೆ, ಟಿಬಿ ಅಲ್ಲೇ ನುಗ್ತದೆ. ನುಗ್ಗಿದ್ಮೇಲೆ ಇದು ಅದ್ನೂ ಕೆರಳುಸ್ತದೆ."

'ದಿನಾ ಅವನ ಪಕ್ಕದ ಸೀಟಿನಲ್ಲಿ... ನಾನೇ!'

ಮನೆಯಲ್ಲಿ ಅವ್ವ ಬಾಗಿಲು ಹಾಕಿ ಪಿಸುಗುಟ್ಟಿದಳು. "ಯಾರ್ಗೂ ಏಳ್ಬ್ಯಾಡ. ಮದ್ವೆ ಆಗೋ ಎಣ್ಣು ನೀನು!"

ಮೊಬೈಲಿನಲ್ಲಿ ಅವನ ಮೆಸೇಜು: 'ಪಕ್ಕದಲ್ಲಿ ಕೂತ್ರೆ ಅಂಟಲ್ಲ ಕಣೆ.' ಅವಳು ಬರೆದಳು, ಅಳಿಸಿದಳು. ಮತ್ತೆ ಬರೆದಳು...

ಮರುದಿನ ಸಂಜೆ ಅವನೇ ಬಂದ. ಗೇಟಿಗೆ ಕೈ ಹಾಕಿದ.

"ಅಲ್ಲೇ ನಿಲ್ಲಿ! ಹತ್ರ ಬರಬೇಡಿ!"

ಅವನ ಕೈ ನಿಂತಲ್ಲೇ ನಿಂತಿತು. "ಆಯ್ತು ಬುಡು. ಅರ್ಥ ಆಯ್ತು." ಬೈಕು ತಿರುಗಿಸಿದ.

ಅವನು ಹೀಗೇ ಹೋದರೆ ಪರೀಕ್ಷೆಗೆ ಹೋಗುವುದಿಲ್ಲ. ಮತ್ತೆ ಬರುವುದೂ ಇಲ್ಲ!

"ರವೀ!" ಬೀದಿಯೇ ತಿರುಗಿ ನೋಡಿತು. "ನಿಮಗೆ ಹೆದರಿ ಅಲ್ಲ ಕಣ್ರೀ... ನಿಮಗೋಸ್ಕರ ಹೆದರಿ! ನನಗೆ ಟಿಬಿ ಇದೆ. ನೀವೂ ತೋರಿಸ್ಕೊಳ್ಳಿ!"

ಒಳಗೆ ಅವ್ವ ಹಣೆ ಚಚ್ಚಿಕೊಂಡಳು.

ಅವನು ಬೈಕು ಆಫ್ ಮಾಡಿದ. ನಕ್ಕನೋ, ಅತ್ತನೋ. "ಅಯ್ಯೋ ಹುಚ್ಚೀ... ಅದ್ಕಾ ಬಸ್ ಬುಟ್ಟಿದ್ದು?"

"ಹೂಂ..."

"ಬೆಳಗ್ಗೆನೇ ಆಸ್ಪತ್ರೆಗೆ ಓಯ್ತೀನಿ. ಮತ್ತೆ... ಮುತ್ತತ್ತೀಲಿ ಕೇಳಿದ್ದು?"

ನಡುವೆ ಇಡೀ ಅಂಗಳ. ಮತ್ತೆ ಕೆಮ್ಮು ಬಂತು. ಅದು ಮುಗಿಯುವವರೆಗೂ ಅವನು ಗೇಟಿನಾಚೆ ಕಾದ.

"ನೀವು ಬೇಕು ನನಗೆ," ಅಂದಳು ಅರುಂಧತಿ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ.