ಸಾಲಿಗೆ ಸರಿಹೊಂದಿದ ಬಾಗಿಲು

"ಮನೆ ಹೇಗೆ ಬೇಕಾದ್ರೂ ಕಟ್ಟಮ್ಮ. ಬಾಗಿಲು ಮಾತ್ರ ಹಳೇ ಬಾಗಿಲಿದ್ದ ಜಾಗದಲ್ಲಿ ಇಡಬೇಡ" ಎಂದಳು ಪಕ್ಕದ ಮನೆಯ ಅಜ್ಜಿ.

ಮನೆಯ ನಕ್ಷೆ ಬರೆಯುತ್ತಿದ್ದವಳು ತಲೆಯೆತ್ತಿದಳು. ಆ ಬೀದಿಯ ಮನೆಗಳೆಲ್ಲ ತಲೆಮಾರುಗಳಷ್ಟು ಹಳೆಯವು. ಒಂದೇ ಇಳಿಜಾರಿನ ಹೆಂಚು, ಒಂದೇ ಎತ್ತರದ ಕಿಟಕಿ, ಸಾಲು ಹಿಡಿದು ನಿಂತ ಬಾಗಿಲುಗಳು. ನಡುವೆ ಹಲ್ಲು ಬಿದ್ದ ಸಂದಿಯಂತೆ ಒಂದು ಖಾಲಿ ಜಾಗ. ಅದನ್ನು ಕೊಂಡವಳು ಅವಳ ಸ್ವಂತ ಅಕ್ಕ. ಹೊಸ ಮನೆ ಆ ಬೀದಿಯಲ್ಲೇ ಹುಟ್ಟಿ ಬೆಳೆದಂತೆ ಕಾಣಬೇಕೆಂಬುದು ತಂಗಿಯ ಹಟ.

"ಅಲ್ಲಿದ್ದ ಮನೇಲಿ ಒಬ್ಬಳು ಸೊಸೆ ಇದ್ಳು. ಬಿಟ್ಟು ಓಡಿಹೋಗ್ತಾಳೆ ಅಂತ ಅತ್ತೆ ಹೊಸ್ತಿಲ ಕೆಳಗೆ ಮಾಟ ಹೂಳಿಸಿದ್ಳು. ಆಮೇಲೆ ಒಳಗೆ ಹೋದವರಿಗೆ ಹೊರಗೆ ಬರೋಕೆ ಆಗ್ಲಿಲ್ಲ. ಒಬ್ಬರು ಬರಬೇಕಂದ್ರೆ ಇನ್ನೊಬ್ಬರು ಉಳೀಬೇಕು."

"ಕಳ್ಳನಿಗೂ ಅದೇ ಗತಿ ಅಲ್ವಾ? ಬೀಗದ ಖರ್ಚು ಉಳೀತು ಬಿಡಿ" ಎಂದು ತಂಗಿ ನಕ್ಕಳು.

ಅಕ್ಕ ನಗಲಿಲ್ಲ. "ಒಂಚೂರು ಪಕ್ಕಕ್ಕೆ ಸರಿಸಿದ್ರೆ ಆಗಲ್ವೇನೇ?"

"ಸಾಲು ಕೆಡುತ್ತಕ್ಕ. ಇಡೀ ಬೀದಿ ಮೂತಿ ಸೊಟ್ಟ ಮಾಡಿದ ಹಾಗಿರುತ್ತೆ."

ಪಾಯ ತೋಡುವಾಗ ಒಂದು ಮಣ್ಣಿನ ಕುಡಿಕೆ ಸಿಕ್ಕಿತು. ಒಳಗೆ ಗಂಟು ಹಾಕಿದ ಕೂದಲು, ತುಕ್ಕು ಹಿಡಿದ ಮೊಳೆಗಳು. ಕೆಲಸದವರು ಗುದ್ದಲಿ ಬಿಟ್ಟು ಹಿಂದೆ ಸರಿದರು. ಅವಳೇ ಅದನ್ನೆತ್ತಿ ಕಸದ ಗುಡ್ಡೆಗೆ ಸುರಿದಳು. ಸುಟ್ಟ ಕೂದಲಿನ ನಾತ ಬೆರಳಿಗೆ ಅಂಟಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

ಮನೆ ಎದ್ದಿತು. ಯಾವುದು ಹಳೆಯದು, ಯಾವುದು ಹೊಸದು ಎಂದು ನೋಡಿದವರಿಗೆ ತಿಳಿಯದಷ್ಟು ಹೊಂದಿಕೊಂಡಿತು.

ಕೊನೆಗೆ ಹೊಸ್ತಿಲು, ಬಾಗಿಲು ಕೂರಿಸಿದ ದಿನ ಸಂಜೆ ಕಿಟಕಿಗಳ ಚಿಲಕ ನೋಡಲು ಅವಳು ಒಬ್ಬಳೇ ಒಳಗೆ ಹೋದಳು. ಹಸಿ ಸುಣ್ಣದ ವಾಸನೆಯ ಅಡಿಯಿಂದ ಅದೇ ನಾತ ಎದ್ದಿತು. ನೆಲದ ಕೆಳಗೆ ಯಾರೋ ಮರದಿಂದ ಮೊಳೆ ಕೀಳುತ್ತಿದ್ದರು. ನಿಧಾನವಾಗಿ. ಒಂದಾದ ಮೇಲೆ ಒಂದು. ಅವಳು ಬಾಗಿಲಿಗೆ ಧಾವಿಸಿದಳು. ಎದುರಿಗೇ ಬೀದಿ, ಬಿಸಿಲು, ನಡೆದು ಬರುತ್ತಿದ್ದ ಅಕ್ಕ. ಹೊಸ್ತಿಲು ದಾಟಿದಳು. ಕಾಲು ಊರಿದ್ದು ನಡುಮನೆಯಲ್ಲಿ. ತಿರುಗಿ ಓಡಿದಳು. ಮತ್ತೆ ನಡುಮನೆ. ಕಿಟಕಿಯಾಚೆ ಕೈ ಚಾಚಿದಳು. ಬೆರಳಿಗೆ ಒಳಗೋಡೆ ತಗುಲಿತು. ಬೆಳಕು ಕುಗ್ಗಿತು. ಪಾದಕ್ಕೆ ಏನೋ ಸುತ್ತಿಕೊಂಡಿತು. ತಣ್ಣಗೆ. ಕೂದಲು.

"ಬರಬೇಡಕ್ಕ! ಒಳಗೆ ಬರಬೇಡ!"

ಅಕ್ಕ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ತಂಗಿಯ ಮುಖ ನೋಡಿದಳು. ಅಜ್ಜಿಯ ಮಾತು ಅವಳೂ ಕೇಳಿಸಿಕೊಂಡಿದ್ದಳಲ್ಲ. ಚಪ್ಪಲಿಯನ್ನೂ ಬಿಡದೆ ಒಳನುಗ್ಗಿ, ತಂಗಿಯ ತೋಳು ಹಿಡಿದು ಬಲವಾಗಿ ಹೊರಗೆ ನೂಕಿದಳು.

"ನಡಿಯೇ!"

ತಂಗಿ ಬೀದಿಗೆ ಬಿದ್ದಳು. ಬಾಗಿಲು ಮುಚ್ಚಿತು.

ಗೋಡೆ ಒಡೆಸಿದ್ದಾಯಿತು. ಒಡೆದಲ್ಲೆಲ್ಲ ಹಿಂದೆ ಮತ್ತೊಂದು ಗೋಡೆ. ಅಕ್ಕ ಕಿಟಕಿಯಲ್ಲಿ ಮಾತ್ರ ಕಾಣುತ್ತಿದ್ದಳು. ತಂಗಿ ದಿನವೂ ಬಂದು ಕಿಟಕಿಯ ಕೆಳಗೆ ಕೂರುತ್ತಿದ್ದಳು. "ಹತ್ತಿರ ಬರಬೇಡ, ಮನೆಗೆ ಹೋಗು" ಎಂದು ಅಕ್ಕ ಬೈದು ಕಳಿಸುತ್ತಿದ್ದಳು.

ಒಂದು ದಿನ ಬೈಯಲಿಲ್ಲ. ಬಾಗಿಲು ತಾನಾಗಿ ಅರ್ಧ ತೆರೆಯಿತು. ಅಕ್ಕ ನಕ್ಕಳು.

"ಎಷ್ಟು ದಿನ ಆಯ್ತೇ ಪಕ್ಕದಲ್ಲಿ ಕೂತು. ಬಾ, ಒಂದೇ ಸಲ ಬಂದು ಹೋಗು."

ಧ್ವನಿ ಅಕ್ಕನದೇ. ಅಕ್ಕರೆಯೂ ಅಕ್ಕನದೇ.

ತಂಗಿ ಎದ್ದಳು. ಒಬ್ಬರು ಬರಬೇಕಂದ್ರೆ ಇನ್ನೊಬ್ಬರು ಉಳೀಬೇಕು ಎಂದ ಅಜ್ಜಿಯ ಮಾತು ನೆನಪಾಯಿತು. ಅಳುತ್ತಾ ಹಿಂದೆ ಹಿಂದೆ ಸರಿದಳು. ಆಮೇಲೆ ತಿರುಗಿ ಓಡಿದಳು.