ಎರಡು ಟ್ರಂಪೆಟ್, ಒಂದೇ ಉಸಿರು

ಬಾಗಿಲು ತಳ್ಳಿಕೊಂಡು ಬಂದವನನ್ನು ನೋಡಿ ಅವಳ ಕೈಯಿಂದ ಟ್ರಂಪೆಟ್ ಜಾರುವುದೊಂದು ಬಾಕಿ.

ಅದೇ ಎತ್ತರ. ಅದೇ ಎಡಕ್ಕೆ ವಾಲಿದ ನಡಿಗೆ. ಮೂರು ವರ್ಷದ ಹಿಂದೆ ಒಂದು ಮಾತೂ ಹೇಳದೆ ಕಾಣೆಯಾದವನು ಈಗ ವಾದ್ಯಗಳ ಅಂಗಡಿಯಲ್ಲಿ, ಎಣ್ಣೆಯ ಕೈ ಒರೆಸಿಕೊಳ್ಳುತ್ತಾ ಅವಳೆದುರು ನಿಂತಿದ್ದ.

"ಇವನೇ ನಮ್ಮ ರಿಪೇರಿಯವನು," ಎಂದರು ಅಂಗಡಿಯ ಯಜಮಾನಿ. "ಮೌನಿ ಅಂತ ಕರೀತೀನಿ. ದಿನಕ್ಕೆ ನಾಲ್ಕು ಮಾತಾಡಿದ್ರೆ ಹೆಚ್ಚು. ಆದ್ರೆ ಕಿವಿ ಅಂದ್ರೆ ಇವನದೇ ಕಿವಿ. ಎರಡರಲ್ಲಿ ಯಾವ್ದು ಅಂತ ಇವನೇ ಹೇಳಲಿ."

"ಬೇಡ. ಇವರು ಕೇಳೋದು ಬೇಡ."

ಇವರು... ಒಂದು ಕಾಲದಲ್ಲಿ ಅವನ ತಟ್ಟೆಯಿಂದಲೇ ಕಿತ್ತುಕೊಂಡು ತಿಂದವಳಿಗೆ ಈಗ ಬಹುವಚನ ಬೇಕಾಗಿತ್ತು.

ಅವನೂ ತಲೆ ತಗ್ಗಿಸಿ, "ನಾನು ಒಳಗೆ ಹೋಗ್ತೀನಿ," ಎಂದ.

"ಇಬ್ಬರೂ ಸುಮ್ನಿರಿ. ಕೇಳೋರಿಲ್ಲದೆ ಯಾರಾದ್ರೂ ಟ್ರಂಪೆಟ್ ಆರಿಸ್ತಾರಾ?" ಯಜಮಾನಿ ಗದರಿದರು.

ಮೇಜಿನ ಮೇಲೆ ಎರಡು ಟ್ರಂಪೆಟ್‌ಗಳಿದ್ದವು. ಒಂದೇ ಕಂಪನಿ, ಒಂದೇ ಅಳತೆಯ ಕೊಳವೆ, ಒಂದೇ ಬೆಳ್ಳಿಯ ಲೇಪ. ವ್ಯತ್ಯಾಸವಿದ್ದದ್ದು ಬೆಲ್ ಎಂದು ಕರೆಯುವ ಮುಂದಿನ ಅಗಲ ಬಾಯಲ್ಲಿ ಮಾತ್ರ. ಒಂದರ ತಗಡು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ತೆಳು.

ಬೇರೆಯವರಾಗಿದ್ದರೆ ಎರಡರಲ್ಲಿ ಚೆಂದದ ಸ್ವರ ಯಾವುದರದೆಂದು ಹುಡುಕುತ್ತಿದ್ದರು. ಅವಳು ಹುಡುಕುತ್ತಿದ್ದುದು ಅವನ ಸ್ವರ ಇಲ್ಲದ ಟ್ರಂಪೆಟ್ಟನ್ನು.

ವಾದ್ಯವೃಂದ ಸೇರಿದ ದಿನದಿಂದ ಅವಳು ಏನು ನುಡಿಸಿದರೂ ಅದರೊಳಗಿಂದ, ಹಿಂದೆ ಪಕ್ಕದಲ್ಲಿ ಕೂತು ಟ್ರಂಪೆಟ್ ನುಡಿಸುತ್ತಿದ್ದ ಅವನೇ ಕೇಳಿಸುತ್ತಿದ್ದ. ತಾಲೀಮಿನ ಕೋಣೆಯಲ್ಲಿ, ತುಂಬಿದ ಸಭಾಂಗಣದಲ್ಲಿ... ಎಷ್ಟೋ ಸಲ ನುಡಿಸುವುದನ್ನು ನಿಲ್ಲಿಸಿ ಪಕ್ಕಕ್ಕೆ ತಿರುಗಿ ನೋಡಿದ್ದಳು. ಬೆನ್ನು ಹತ್ತಿದ ಆ ಸ್ವರಕ್ಕೆ ಹೆದರಿ ಹಳೆಯ ಟ್ರಂಪೆಟ್ಟನ್ನು ಮಾರಿಯೇ ಬಿಟ್ಟಿದ್ದಳು. ಮುಂದಿನ ವಾರದಿಂದ ಮೊದಲ ಕುರ್ಚಿ, ಅಂದರೆ ಟ್ರಂಪೆಟ್ ವಾದಕರಲ್ಲಿ ಮುಖ್ಯ ಸ್ಥಾನ, ಅವಳದು. ಇಂದೂ ಬಿಡುಗಡೆ ಸಿಗದಿದ್ದರೆ ಕೆಲಸವನ್ನೇ ಬಿಡುವುದೆಂದು ನಿರ್ಧರಿಸಿ ಬಂದಿದ್ದಳು.

ಬೆಳಗಿನಿಂದ ನುಡಿಸಿ ನೋಡಿದ ಮೇಲೆ ಅವಳಿಗೆ ಖಾತ್ರಿಯಾಗಿತ್ತು. ತೆಳುವಿನದರಲ್ಲಿ ಅವನಿದ್ದಾನೆ. ದಪ್ಪದ್ದರಲ್ಲಿ ಇಲ್ಲ.

"ದಪ್ಪದ್ದೇ ಕೊಡಿ, ಸಾಕು."

"ಕಣ್ಣು ಕಟ್ಟಿ ನುಡಿಸದೆ ಈ ಅಂಗಡಿಯಿಂದ ಟ್ರಂಪೆಟ್ ಹೊರಗೆ ಹೋಗಲ್ಲ ಕಣಮ್ಮ."

ಯಜಮಾನಿ ಕರವಸ್ತ್ರದಿಂದ ಅವಳ ಕಣ್ಣು ಕಟ್ಟಿದರು. ಅವನು ಕೋಣೆಯ ಆ ತುದಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕುಳಿತ.

ಕೈಗೆ ಟ್ರಂಪೆಟ್ ಬಂತು. ಮುಂದಿನ ವಾರ ತಾನೊಬ್ಬಳೇ ನುಡಿಸಬೇಕಾದ ಸಾಲನ್ನು ನುಡಿಸಿದಳು. ಅವನಿದ್ದ.

"ಇದು ತೆಳುವಿನದು," ಎಂದಳು.

ಎರಡನೆಯ ಸಲ. ಅವನಿದ್ದ. "ಮತ್ತೆ ಅದನ್ನೇ ಕೊಟ್ರಿ."

ಮೂರನೆಯ ಸಲ. ಆಗಲೂ ಅವನಿದ್ದ. "ಇದೂ ಅದೇ..."

"ಮೂರು ಸಲವೂ ಕೊಟ್ಟಿದ್ದು ದಪ್ಪದ್ದೇ," ಎಂದರು ಯಜಮಾನಿ. "ನಾನು ಯಾವಾಗ್ಲೂ ಮೊದಲು ಒಂದನ್ನೇ ಮೂರು ಸಲ ಕೊಡೋದು. ಕೇಳ್ತಿರೋದು ಕಿವಿಯೋ ಮನಸ್ಸೋ ಗೊತ್ತಾಗ್ಲಿ ಅಂತ."

ಅವಳು ಕರವಸ್ತ್ರ ಕಿತ್ತೆಸೆದಳು. ಹಾಗಾದರೆ ಯಾವ ಟ್ರಂಪೆಟ್ ಹಿಡಿದರೂ ಇವನು ಬಿಡುವುದಿಲ್ಲವೇ...

"ಅದು ಟ್ರಂಪೆಟ್‌ನಲ್ಲಿಲ್ಲ." ಗೋಡೆಯ ಕಡೆಯಿಂದ ಮಾತು ಬಂತು. "ಕೊನೇ ಸ್ವರಕ್ಕೆ ಮುಂಚೆ ಉಸಿರು ತಗೊಳ್ತೀಯ. ಅಲ್ಲಿ ಯಾರೂ ತಗೊಳ್ಳಲ್ಲ. ಅದು ನನ್ನ ಕೆಟ್ಟ ಚಾಳಿ, ಮೆಣಸು."

ಮೆಣಸು. ಮೂರು ವರ್ಷದಿಂದ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ.

ಯಜಮಾನಿ ಇಬ್ಬರ ಮುಖವನ್ನೂ ನೋಡಿದರು. "ವಾಲ್ವಿಗೆ ಹಾಕೋ ಎಣ್ಣೆ ಮುಗಿದಿದೆ, ತರ್ತೀನಿ," ಎಂದು, ತುಂಬಿದ ಎಣ್ಣೆ ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಹೋದರು.

ಪಕ್ಕಪಕ್ಕ ಕೂತು ನುಡಿಸುವವರು ಒಟ್ಟಿಗೆ ಉಸಿರು ತೆಗೆದುಕೊಳ್ಳಬೇಕು. ವಾದ್ಯವೃಂದ ಸೇರುವ ಮುಂಚೆ ಆರು ವರ್ಷ ಅವನ ಪಕ್ಕ ಕೂತು ಅವಳು ಕಲಿತದ್ದು ಅದನ್ನೇ. ಅವನು ಎದ್ದು ಹೋದ ಮೇಲೂ ಅವಳ ಎದೆ ಅದೇ ಜಾಗದಲ್ಲಿ ಅವನಿಗಾಗಿ ಕಾಯುತ್ತಿತ್ತು.

"ವಾದ್ಯವೃಂದಕ್ಕೆ ನಾನು ಆಯ್ಕೆಯಾಗಿದ್ದನ್ನ ಸಹಿಸೋಕಾಗದೆ ಹೋದೆ ಅಲ್ವಾ ನೀನು?" ಬಹುವಚನ ಎಲ್ಲಿ ಹೋಯಿತೋ. "ಇದ್ದದ್ದು ಒಂದೇ ಕುರ್ಚಿ. ಅದು ನನಗೆ ಸಿಕ್ತು, ನೀನು ಹೋದೆ. ಪ್ರತಿ ಸಲ ಅದರ ಮೇಲೆ ಕಳ್ಳಿ ಹಾಗೆ ಕೂತಿದ್ದೀನಿ, ಗೊತ್ತಾ?"

"ಆವತ್ತು ನಾನು ನುಡಿಸಲೇ ಇಲ್ಲ."

ಆಯ್ಕೆಯ ದಿನ ನುಡಿಸುವವರ ಮುಖ ಕಾಣದಂತೆ ಪರದೆ ಕಟ್ಟಿರುತ್ತಾರೆ. ಅವನೂ ಪರದೆಯ ಹಿಂದೆ ನುಡಿಸಿ ಸೋತನೆಂದೇ ಅವಳು ನಂಬಿದ್ದಳು.

ಅವನು ತಿರುಗಿ, ಮೇಲಿನ ತುಟಿಯನ್ನು ಮುಟ್ಟಿ ತೋರಿಸಿದ. "ಹಿಂದಿನ ದಿನವೇ ಒಳಗಿನ ಸ್ನಾಯು ಹರಿದಿತ್ತು. ಇನ್ನು ನುಡಿಸೋದನ್ನ ಮರೆತುಬಿಡಿ ಅಂದ್ರು ಡಾಕ್ಟರು. ನಿನಗೆ ಹೇಳಿದ್ರೆ ನೀನು ಆಯ್ಕೆಗೆ ಹೋಗ್ತಾನೇ ಇರ್ಲಿಲ್ಲ."

"ಅದನ್ನ ತೀರ್ಮಾನ ಮಾಡೋಕೆ ನೀನ್ಯಾರು?" ಎಂದಳು. "ಮೂರು ವರ್ಷ..."

"ತಪ್ಪಾಯ್ತು."

"ಅಷ್ಟೇನಾ?"

"ನನ್ನ ಸ್ವರ ಸತ್ತುಹೋಯ್ತು ಅಂದ್ಕೊಂಡಿದ್ದೆ. ಈಗ ಗೋಡೆ ನೋಡ್ಕೊಂಡು ಕೂತಿದ್ರೆ... ಬೆನ್ನ ಹಿಂದೆ ನಾನೇ ನುಡಿಸ್ತಿದ್ದೆ." ಅವನ ಕಣ್ಣು ತುಂಬಿತು. "ಮೂರು ಸಲ ಕೇಳ್ದೆ. ಅಷ್ಟು ಸಾಕು. ಇನ್ನು ಅದನ್ನ ಬಿಟ್ಟುಬಿಡು. ನಿನ್ನ ಉಸಿರು ನೀನು ತಗೋ."

ಬಿಡುಗಡೆ ಬೇಕೆಂದು ಬಂದವಳಿಗೆ ಈಗ ಬಿಡಲು ಮನಸ್ಸಿಲ್ಲ.

ಆದರೂ ದಪ್ಪದ್ದನ್ನು ಎತ್ತಿಕೊಂಡಳು. ಸಾಲು ಶುರುವಾಯಿತು. ಕೊನೆಯ ಸ್ವರಕ್ಕೆ ಮುಂಚೆ ಎದೆ ತಾನಾಗಿಯೇ ತಡೆಯಿತು... ಅವಳು ನಿಲ್ಲಲಿಲ್ಲ. ಅದೇ ಉಸಿರಿನಲ್ಲಿ ದಾಟಿದಳು. ಸ್ವರ ಒಂದಿಷ್ಟು ನಡುಗಿ, ಆಮೇಲೆ ತುಂಬಿಕೊಂಡಿತು.

ಮೂರು ವರ್ಷದಲ್ಲಿ ಮೊದಲ ಸಲ ಅದರೊಳಗೆ ಅವಳೊಬ್ಬಳೇ ಇದ್ದಳು. ಅದಕ್ಕೂ ಭಯವಾಯಿತು.

ತೆಳುವಿನದರಲ್ಲೂ ಹಾಗೆಯೇ ನುಡಿಸಿ ಕೇಳಿದಳು, "ಯಾವ್ದು?"

"ದಪ್ಪದ್ದು. ತೆಳುವಿನದು ಅಲ್ಲಿ ನಿನಗೆ ಚೆನ್ನಾಗಿ ಕೇಳ್ಸುತ್ತೆ, ಇಲ್ಲಿಗೆ ಬರೋಷ್ಟರಲ್ಲಿ ಸಣ್ಣಗಾಗುತ್ತೆ. ದಪ್ಪದ್ದು ಇಲ್ಲಿವರೆಗೂ ತುಂಬಿ ಬರುತ್ತೆ. ನುಡಿಸೋರಿಗೆ ಅದು ಗೊತ್ತಾಗಲ್ಲ."

"ಅದರಲ್ಲಿ ನೀನಿದ್ಯಾ?"

"ಇಲ್ಲ. ನೀನೊಬ್ಬಳೇ ಇದ್ದೆ."

ಅವಳು ಟ್ರಂಪೆಟ್ ಕೆಳಗಿಟ್ಟು, ಕೋಣೆ ದಾಟಿ ಬಂದು, ಎಣ್ಣೆ ಮೆತ್ತಿದ ಅವನ ಕೈ ಹಿಡಿದಳು.

"ಅದರೊಳಗೆ ಇಲ್ಲ ಅಂದ್ಮೇಲೆ ಹೊರಗೆ ಇರಬೇಕಾಗುತ್ತೆ ನೀನು," ಎಂದಳು. "ನನ್ನ ಜೊತೆ. ನಿಜವಾಗಿ."

"ನುಡಿಸೋಕೆ ಬರದವನು ನಿನಗ್ಯಾಕೆ?"

"ನುಡಿಸೋಕೆ ನಾನಿದ್ದೀನಲ್ಲ."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಹಾಗೇ ಕೇಳಿದ, "ಮುಂದಿನ ವಾರ ಸಭಾಂಗಣದಲ್ಲಿ ಎಲ್ಲಿ ಕೂರಲಿ?"

"ಕೊನೇ ಸಾಲಲ್ಲಿ."

"ಅಲ್ಲಿವರೆಗೂ ಕೇಳಿಸದೇ ಹೋದ್ರೆ?"

"ಹತ್ತಿರ ಬಾ."